ಬೆಲಾರೂಸಿನ ಕವಿಗಳು ಹಳ್ಳಿಯಿಂದಲೇ ಯಾಕೆ ಶುರು ಮಾಡಿದರು?

ಬೆಲಾರೂಸ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಉಕ್ರೇನ್ ಯುದ್ಧದ ಸುದ್ದಿ. ನಕ್ಷೆಯಲ್ಲಿ ಉಕ್ರೇನಿನ ನೆತ್ತಿಯ ಮೇಲೆ ಕೂತಿರುವ ದೇಶ ಅದು. ಮಕ್ಕಳನ್ನು ಎಂಬಿಬಿಎಸ್ ಓದಿಸಲು ವಿದೇಶ ಹುಡುಕುವ ಮನೆಗಳಲ್ಲಿ ಮಿನ್ಸ್ಕ್, ಗೋಮೆಲ್, ವಿತೆಬ್ಸ್ಕ್ ಹೆಸರು ಆಗಾಗ ಕೇಳಿಬರುತ್ತದೆ. ಭಾರತ ಹೊರಗಿನಿಂದ ತರಿಸಿಕೊಂಡ ಪೊಟ್ಯಾಷ್ ಗೊಬ್ಬರದಲ್ಲಿ ಒಂದು ಪಾಲು ಅಲ್ಲಿನ ಸೊಲಿಗೋರ್ಸ್ಕ್ ಗಣಿಗಳದ್ದು. ಇನ್ನು ಪುಸ್ತಕದ ಹುಚ್ಚಿರುವವರಿಗೆ 2015ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಸ್ವೆತ್ಲಾನಾ ಅಲೆಕ್ಸೀವಿಚ್ ಗೊತ್ತು.

ಗೊಂದಲ ಶುರುವಾಗುವುದೇ ಇಲ್ಲಿ. ಅಲೆಕ್ಸೀವಿಚ್ ಬೆಲಾರೂಸಿನವರು, ಬರೆಯುವುದು ಮಾತ್ರ ರಷ್ಯನ್ನಿನಲ್ಲಿ. ಹಾಗಾದರೆ ಆ ದೇಶಕ್ಕೆ ತನ್ನದೇ ಭಾಷೆ ಇಲ್ವಾ? ಇದೆ. ಸಾಹಿತ್ಯವೂ ಇದೆ, ಅದಕ್ಕೆ ಉದ್ದದ ಇತಿಹಾಸವೂ ಇದೆ. ಆದರೆ ಆ ಇತಿಹಾಸ ಪುಸ್ತಕದ ಕಪಾಟಿನಲ್ಲಿ ಮಾತ್ರ ಸಿಗುವುದಿಲ್ಲ. ಒಂದಷ್ಟು ಬಟ್ಟೆಯ ಅಂಚಿನಲ್ಲಿದೆ, ಒಂದಷ್ಟು ಹಬ್ಬದ ಹಾಡಿನಲ್ಲಿದೆ, ಒಂದಷ್ಟು ಸತ್ತವರಿಗೆ ಇಡುವ ಊಟದಲ್ಲಿದೆ. ಜಾನಪದ ಬೇರೆ, ಸಾಹಿತ್ಯ ಬೇರೆ ಅಂತ ಎರಡು ಕಟ್ಟು ಮಾಡಿ ಇಟ್ಟರೆ ಬೆಲಾರೂಸ್ ಅರ್ಥವೇ ಆಗುವುದಿಲ್ಲ. ಯಾಕೆ ಅಂತ ಬುಡದಿಂದ ನೋಡೋಣ.

## ಮೊದಲು ನಕ್ಷೆ

ಬೆಲಾರೂಸಿನ ವಿಸ್ತೀರ್ಣ ಸುಮಾರು 2,07,600 ಚದರ ಕಿಲೋಮೀಟರ್. ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಜನ ಮಾತ್ರ ಒಂದು ಕೋಟಿಗೂ ಕಡಿಮೆ. ಸಮುದ್ರ ಇಲ್ಲ, ಬೆಟ್ಟ ಅನ್ನುವಂಥ ಬೆಟ್ಟವೂ ಇಲ್ಲ. ಕಾಡು, ಜೌಗು, ನದಿ, ಆಲೂಗಡ್ಡೆ ಹೊಲ, ರೈ ಧಾನ್ಯದ ಹೊಲ. ಪಶ್ಚಿಮಕ್ಕೆ ಪೋಲೆಂಡ್, ಪೂರ್ವಕ್ಕೆ ರಷ್ಯಾ, ದಕ್ಷಿಣಕ್ಕೆ ಉಕ್ರೇನ್, ಉತ್ತರಕ್ಕೆ ಲಿಥುವೇನಿಯಾ ಮತ್ತು ಲಾಟ್ವಿಯಾ.

ಅಡ್ಡ ನಿಲ್ಲುವ ಬೆಟ್ಟವಿಲ್ಲದ ಈ ಬಯಲಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ, ಪೂರ್ವದಿಂದ ಪಶ್ಚಿಮಕ್ಕೆ ಸೈನ್ಯಗಳು ಓಡಾಡಿದ್ದೇ ಓಡಾಡಿದ್ದು. ನೆಪೋಲಿಯನ್ ಮಾಸ್ಕೋಗೆ ಹೋದದ್ದೂ, ಸೋತು ವಾಪಸ್ ಬಂದದ್ದೂ ಇದೇ ದಾರಿಯಲ್ಲಿ. ಹಿಟ್ಲರನ ಸೈನ್ಯ ಹೊರಟದ್ದೂ ಇದೇ ದಾರಿ ಹಿಡಿದು. ಸ್ವತಂತ್ರ ದೇಶವಾಗಿ ಬೆಲಾರೂಸ್ ಹುಟ್ಟಿದ್ದು 1991ರಲ್ಲಿ, ಸೋವಿಯತ್ ಒಕ್ಕೂಟ ಒಡೆದಾಗ.

ಭಾಷೆಯ ವಿಷಯ. ಬೆಲಾರೂಸಿ ಭಾಷೆ ರಷ್ಯನ್ ಮತ್ತು ಉಕ್ರೇನಿಯನ್ ಭಾಷೆಗಳ ಜೊತೆಗೇ ಹುಟ್ಟಿದ್ದು. ಮೂರೂ ಪೂರ್ವ ಸ್ಲಾವಿಕ್ ಕುಟುಂಬದವು. ರಷ್ಯನ್ನಿನ ಉಪಭಾಷೆ ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ, ಅದು ಸರಿಯಲ್ಲ. ಅದಕ್ಕೆ ಬೇರೆಯೇ ವ್ಯಾಕರಣ, ಬೇರೆ ಉಚ್ಚಾರ, ಬೇರೆ ಶಬ್ದಭಂಡಾರ ಇದೆ. ಲಿಪಿ ಸಿರಿಲಿಕ್. ಅದರಲ್ಲಿ 'ў' ಅನ್ನುವ ಒಂದು ಅಕ್ಷರವಿದೆ, 'ಉ'ಗೂ 'ವ'ಗೂ ನಡುವಿನ ಧ್ವನಿ. ಬೇರೆ ಯಾವ ಸ್ಲಾವಿಕ್ ಭಾಷೆಯ ಅಕ್ಷರಮಾಲೆಯಲ್ಲೂ ಅದು ಇಲ್ಲ. ಪೋಲತ್ಸ್ಕ್ ಊರಿನವರು 2003ರಲ್ಲಿ ಈ ಅಕ್ಷರಕ್ಕೆ ಒಂದು ಸ್ಮಾರಕವನ್ನೇ ಕಟ್ಟಿದ್ದಾರೆ. ರಾಜನಿಗಲ್ಲ, ಸೇನಾಪತಿಗಲ್ಲ, ಒಂದು ಅಕ್ಷರಕ್ಕೆ!

## ಒಂದು ಕಾಲದಲ್ಲಿ ಇದು ಕಚೇರಿ ಭಾಷೆ

ಮಧ್ಯಯುಗದಲ್ಲಿ ಇಂದಿನ ಬೆಲಾರೂಸ್, ಲಿಥುವೇನಿಯಾ ಮತ್ತು ಉಕ್ರೇನಿನ ದೊಡ್ಡ ಭಾಗ ಸೇರಿ ಒಂದೇ ರಾಜ್ಯವಾಗಿತ್ತು. ಹೆಸರು ಲಿಥುವೇನಿಯಾ ಮಹಾಸಂಸ್ಥಾನ. ಹೆಸರಿನಲ್ಲಿ ಲಿಥುವೇನಿಯಾ ಇದ್ದರೂ ಕಾಗದಪತ್ರ ನಡೆಯುತ್ತಿದ್ದದ್ದು ಅಲ್ಲಿನ ಸ್ಲಾವಿಕ್ ಭಾಷೆಯಲ್ಲಿ. ಇವತ್ತು ಬೆಲಾರೂಸಿನವರು ಅದನ್ನು ಹಳೆ ಬೆಲಾರೂಸಿ ಅನ್ನುತ್ತಾರೆ, ಉಕ್ರೇನಿನವರು ಅದರಲ್ಲಿ ತಮಗೂ ಪಾಲಿದೆ ಅನ್ನುತ್ತಾರೆ, ಬೇರೆ ವಿದ್ವಾಂಸರು ರುಥೇನಿಯನ್ ಅನ್ನುತ್ತಾರೆ. ಆ ರಾಜ್ಯದ ಕಾನೂನು ಸಂಹಿತೆ ಇದೇ ಭಾಷೆಯಲ್ಲಿ 1529, 1566 ಮತ್ತು 1588ರಲ್ಲಿ ಮೂರು ಬಾರಿ ತಯಾರಾಯಿತು. ಮೂರನೆಯದು ಎಷ್ಟು ಗಟ್ಟಿಯಾಗಿತ್ತು ಅಂದರೆ, ಆ ರಾಜ್ಯವೇ ನಕ್ಷೆಯಿಂದ ಮಾಯವಾದ ಮೇಲೂ ಈ ಪ್ರದೇಶದ ಬಹುಭಾಗದಲ್ಲಿ 1840ರವರೆಗೆ ಕೋರ್ಟಿನಲ್ಲಿ ಅದೇ ನಡೆಯಿತು.

ಈ ಕಾಲದ ದೊಡ್ಡ ಹೆಸರು ಫ್ರಾಂತ್ಸಿಸ್ಕ್ ಸ್ಕರೀನಾ. ಪೋಲತ್ಸ್ಕ್ ಊರಿನ ವ್ಯಾಪಾರಿಯ ಮಗ. ಕ್ರಾಕೋವ್‌ನಲ್ಲಿ ಓದಿ, 1512ರಲ್ಲಿ ಇಟಲಿಯ ಪಾದುವಾದಲ್ಲಿ ವೈದ್ಯಶಾಸ್ತ್ರದ ಡಾಕ್ಟರೇಟ್ ಪಡೆದ. ಆಮೇಲೆ ಪ್ರಾಗ್‌ನಲ್ಲಿ ಅಚ್ಚುಕೂಟ ಹಾಕಿ 1517ರ ಆಗಸ್ಟ್ 6ರಂದು ಮೊದಲ ಪುಸ್ತಕ ಹೊರತಂದ. 1519ರೊಳಗೆ ಬೈಬಲ್ಲಿನ 23 ಭಾಗಗಳು ಅಚ್ಚಾದವು. ಭಾಷೆ ಪೂರ್ತಿ ಜನರ ಆಡುಮಾತೇನಲ್ಲ. ಚರ್ಚಿನ ಹಳೆ ಸ್ಲಾವೋನಿಕ್‌ಗೆ ಊರಿನ ಮಾತನ್ನು ಬೆರೆಸಿದ್ದು. ಪ್ರತಿ ಭಾಗಕ್ಕೂ ತಾನೇ ಮುನ್ನುಡಿ ಬರೆದ. ಒಂದರಲ್ಲಿ, ಕಾಡಿನ ಪ್ರಾಣಿಗಳಿಗೆ ತಮ್ಮ ಗುಹೆ ಗೊತ್ತು, ಹಕ್ಕಿಗಳಿಗೆ ತಮ್ಮ ಗೂಡು ಗೊತ್ತು, ಹಾಗೇ ಮನುಷ್ಯರಿಗೆ ಹುಟ್ಟಿ ಬೆಳೆದ ಜಾಗದ ಮೇಲೆ ಪ್ರೀತಿ ಅನ್ನುವ ಅರ್ಥದ ಮಾತಿದೆ. ಇವತ್ತಿಗೂ ಅಲ್ಲಿ ಇದನ್ನು ಉಲ್ಲೇಖಿಸದ ಭಾಷಣ ಕಡಿಮೆ. ಇನ್ನೊಂದು ತಮಾಷೆ ಏನಂದರೆ, ಆತ ಬೈಬಲ್ಲಿನೊಳಗೆ ತನ್ನದೇ ಭಾವಚಿತ್ರ ಅಚ್ಚು ಹಾಕಿಸಿಕೊಂಡ. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ಇದೇ ನೆಲದಲ್ಲಿ 14ನೇ ಶತಮಾನದ ಕೊನೆಯಿಂದ ಟಾಟರ್ ಮುಸ್ಲಿಮರು ನೆಲೆಸಿದ್ದರು. ಕಾಲಕ್ರಮೇಣ ಅವರ ಮನೆಮಾತು ಬೆಲಾರೂಸಿ ಆಯಿತು, ಧರ್ಮ ಹಾಗೇ ಉಳಿಯಿತು. ಆಗ ಅವರು ಮಾಡಿದ್ದೇನು ಗೊತ್ತಾ? ಪ್ರಾರ್ಥನೆ, ನೀತಿಕಥೆಗಳನ್ನು ಬೆಲಾರೂಸಿಯಲ್ಲೇ, ಆದರೆ ಅರಬಿ ಲಿಪಿಯಲ್ಲಿ ಬರೆದಿಟ್ಟುಕೊಂಡರು. ಅರಬಿಯಲ್ಲಿ ಇಲ್ಲದ ಧ್ವನಿಗಳಿಗೆ ಹೊಸ ಅಕ್ಷರ ಮಾಡಿಕೊಂಡರು. 'ಕಿತಾಬ್' ಅನ್ನುವ ಈ ಕೈಬರಹದ ಪುಸ್ತಕಗಳು ಇವತ್ತು ಭಾಷಾಶಾಸ್ತ್ರಜ್ಞರಿಗೆ ನಿಧಿ. ಹಳೆಯ ಉಚ್ಚಾರ ಹೇಗಿತ್ತು ಅನ್ನುವುದು ಅವುಗಳಿಂದ ಚೆನ್ನಾಗಿ ಗೊತ್ತಾಗುತ್ತದೆ.

## ಮತ್ತೆ ಹಳ್ಳಿಗೆ ಹೋಗಿ ಕೂತದ್ದು ಹೇಗೆ?

ಮಹಾಸಂಸ್ಥಾನ 1569ರಲ್ಲಿ ಪೋಲೆಂಡಿನ ಜೊತೆ ಒಕ್ಕೂಟವಾಯಿತು. ದೊಡ್ಡ ಮನೆತನದವರು ನಿಧಾನಕ್ಕೆ ಪೋಲಿಷ್ ಮಾತಾಡಲು ಶುರು ಮಾಡಿದರು. ಯಾರೂ ಬಲವಂತ ಮಾಡಬೇಕಿರಲಿಲ್ಲ, ಪ್ರತಿಷ್ಠೆ ಅತ್ತ ಕಡೆ ಇತ್ತು. 1696ರಲ್ಲಿ ಕಚೇರಿ ಕಾಗದಗಳೂ ಪೋಲಿಷ್‌ಗೆ ಹೋದವು. 1772ರಿಂದ 1795ರ ನಡುವೆ ಪೋಲೆಂಡ್ ಒಕ್ಕೂಟವನ್ನು ನೆರೆಯ ಸಾಮ್ರಾಜ್ಯಗಳು ಮೂರು ಕಂತಿನಲ್ಲಿ ಹಂಚಿಕೊಂಡಾಗ ಬೆಲಾರೂಸ್ ಪ್ರದೇಶ ರಷ್ಯಾದ ಪಾಲಾಯಿತು. ಈಗ ಕಚೇರಿ ಭಾಷೆ ರಷ್ಯನ್.

ಫಲಿತಾಂಶ ಹೀಗಾಯಿತು. ಜಮೀನ್ದಾರನ ಮನೆಯಲ್ಲಿ ಪೋಲಿಷ್. ಸರ್ಕಾರಿ ಅಧಿಕಾರಿಯ ಬಾಯಲ್ಲಿ ರಷ್ಯನ್. ಪೇಟೆಯ ಅಂಗಡಿ ಬೀದಿಯಲ್ಲಿ ಯಹೂದಿಗಳ ಯಿಡ್ಡಿಶ್. ಬೆಲಾರೂಸಿ ಉಳಿದದ್ದು ಹೊಲದಲ್ಲಿ ದುಡಿಯುವ ರೈತನ ಬಾಯಲ್ಲಿ. 1863ರಲ್ಲಿ ರಷ್ಯಾದ ವಿರುದ್ಧ ದಂಗೆ ಎದ್ದಾಗ ಕಸ್ತೂಸ್ ಕಲಿನೋವ್ಸ್ಕಿ ರೈತರಿಗಾಗಿ ಬೆಲಾರೂಸಿಯಲ್ಲಿ ಗುಟ್ಟಾಗಿ ಪತ್ರಿಕೆ ಹಂಚಿದ. ಅವನನ್ನು 1864ರಲ್ಲಿ ವಿಲ್ನಿಯಸ್‌ನಲ್ಲಿ ಗಲ್ಲಿಗೇರಿಸಿದರು. ಅಲ್ಲಿಂದ ಮುಂದೆ 1905ರವರೆಗೆ ರಷ್ಯಾ ಸಾಮ್ರಾಜ್ಯದೊಳಗೆ ಬೆಲಾರೂಸಿ ಪುಸ್ತಕ ಅಚ್ಚು ಹಾಕುವುದು ಹೆಚ್ಚುಕಡಿಮೆ ಅಸಾಧ್ಯವಾಯಿತು.

ಅಚ್ಚು ಇಲ್ಲ, ಶಾಲೆ ಇಲ್ಲ, ಕಚೇರಿ ಇಲ್ಲ. ಆ ಇನ್ನೂರು ವರ್ಷ ಭಾಷೆಯನ್ನು ಕಾಪಾಡಿದ್ದು ಹಾಡು, ಹಬ್ಬ, ನೇಯ್ಗೆ. ಅದಕ್ಕೇ ಕವಿಗಳ ಹತ್ತಿರ ಹೋಗುವ ಮುಂಚೆ ಆ ಹಳ್ಳಿಯೊಳಗೆ ಒಂದು ಸುತ್ತು ಹಾಕಬೇಕು.

## ರುಶ್ನಿಕ್: ಒಂದು ರಾತ್ರಿಯಲ್ಲಿ ನೇಯ್ದ ಬಟ್ಟೆ

ಬೆಲಾರೂಸಿನ ಹಳ್ಳಿಮನೆಯ ಬಟ್ಟೆ ಅಂದರೆ ಲಿನನ್. ಅದು ಬರುವುದು ಅಗಸೆ ಗಿಡದ ನಾರಿನಿಂದ. ಹೌದು, ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿ ಮಾಡುವ ಅದೇ ಅಗಸಿ. ನಾವು ಬೀಜಕ್ಕೆ ಬೆಳೆಯುತ್ತೇವೆ, ಅವರು ಕಾಂಡದ ನಾರಿಗೆ ಬೆಳೆಯುತ್ತಾರೆ. ವಸಂತದಲ್ಲಿ ಬಿತ್ತಿ, ಬೇಸಿಗೆಯಲ್ಲಿ ಬೇರುಸಹಿತ ಕಿತ್ತು, ನೀರಿನಲ್ಲೋ ಇಬ್ಬನಿಯಲ್ಲೋ ಕೊಳೆಯಿಸಿ, ಬಡಿದು, ಬಾಚಿ ನಾರು ತೆಗೆಯುತ್ತಾರೆ. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಹೆಂಗಸರು ಒಟ್ಟಿಗೆ ಕೂತು ಹಾಡುತ್ತಾ ನೂಲುತ್ತಿದ್ದರು. ಆಮೇಲೆ ಮಗ್ಗ. ನೇಯ್ದ ಬಟ್ಟೆಯನ್ನು ಹುಲ್ಲಿನ ಮೇಲೆ ಹಾಸಿ ಬಿಸಿಲಿಗೆ ಬಿಳಿ ಮಾಡುವುದು.

ಈ ಬಟ್ಟೆಯ ಉದ್ದ ಕಿರಿದಾದ ತುಂಡಿನ ಎರಡು ತುದಿಗೆ ಕೆಂಪು ದಾರದಿಂದ ಚಿತ್ತಾರ ನೇಯ್ದರೆ ಅದೇ ರುಶ್ನಿಕ್. ಟವೆಲ್ ಅಂತ ಅನುವಾದ ಮಾಡಬಹುದು, ಆದರೆ ಮುಖ ಒರೆಸಲು ಮಾತ್ರ ಅಲ್ಲ. ಹುಟ್ಟಿದ ಮಗುವನ್ನು ಎತ್ತಿಕೊಳ್ಳಲು ರುಶ್ನಿಕ್, ಮದುವೆಯಲ್ಲಿ ಗಂಡು ಹೆಣ್ಣು ನಿಲ್ಲಲು ರುಶ್ನಿಕ್, ಅತಿಥಿ ಬಂದರೆ ರೊಟ್ಟಿ ಉಪ್ಪು ಕೊಡಲು ರುಶ್ನಿಕ್, ಸತ್ತಾಗ ಶವಪೆಟ್ಟಿಗೆ ಇಳಿಸಲೂ ಅದೇ. ಚಿತ್ತಾರ ಹೆಚ್ಚಾಗಿ ವಜ್ರಾಕೃತಿ. ಒಳಗೆ ಚುಕ್ಕೆಗಳಿರುವ ವಜ್ರವನ್ನು ಬಿತ್ತಿದ ಹೊಲ ಅಂತ ಓದುವವರಿದ್ದಾರೆ. ಗೋಮೆಲ್ ಪ್ರಾಂತ್ಯದ ನೆಗ್ಲ್ಯೂಬ್ಕಾ ಹಳ್ಳಿಯ ರುಶ್ನಿಕ್‌ಗಳು ಬಹಳ ಹೆಸರುವಾಸಿ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು 'ಅಬಿದ್ಜೋನ್ನಿಕ್' ಅನ್ನುವ ರುಶ್ನಿಕ್. ಊರಿಗೆ ಸಾಂಕ್ರಾಮಿಕ ರೋಗ ಬಂದರೆ, ಮಳೆ ಕೈಕೊಟ್ಟರೆ, ಯುದ್ಧ ಹತ್ತಿರ ಬಂದರೆ ಊರಿನ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರುತ್ತಿದ್ದರು. ಒಂದೇ ರಾತ್ರಿಯಲ್ಲಿ, ಅಂದರೆ ಸೂರ್ಯ ಮುಳುಗಿ ಹುಟ್ಟುವುದರೊಳಗೆ, ನಾರು ನೂಲಬೇಕು, ಹಾಸು ಹಾಕಬೇಕು, ನೇಯ್ದು ಮುಗಿಸಬೇಕು. ಒಬ್ಬಳು ನೂಲುತ್ತಿದ್ದರೆ ಇನ್ನೊಬ್ಬಳು ಸುತ್ತುತ್ತಿರುತ್ತಾಳೆ, ಮತ್ತೊಬ್ಬಳು ಮಗ್ಗಕ್ಕೆ ಕೂತಿರುತ್ತಾಳೆ. ಚಿತ್ತಾರಕ್ಕೆಲ್ಲ ಸಮಯ ಇಲ್ಲ, ಬರೀ ಬಿಳಿ ಬಟ್ಟೆ. ಬೆಳಗಾದ ಮೇಲೆ ಅದನ್ನು ಊರ ಹೊರಗಿನ ಶಿಲುಬೆಗೆ ಕಟ್ಟುವುದು, ಇಲ್ಲವೇ ಚರ್ಚಿಗೆ ಕೊಡುವುದು. ಕೆಲವು ಕಡೆ ದನಕರುಗಳನ್ನು ಅದರ ಮೇಲೆ ದಾಟಿಸುತ್ತಿದ್ದರು. ಕೊಳಕು ಮುಟ್ಟದ, ಹಳೆಯದಾಗಲು ಸಮಯವೇ ಸಿಗದ ಬಟ್ಟೆ ಆದ್ದರಿಂದ ಕೆಡುಕನ್ನು ತಡೆಯುತ್ತದೆ ಅನ್ನುವ ನಂಬಿಕೆ.

ಇದೆಲ್ಲ ಬರೀ ಮ್ಯೂಸಿಯಂ ವಿಷಯ ಅಂದುಕೊಳ್ಳಬೇಡಿ. ಬೆಲಾರೂಸಿನ ಈಗಿನ ಅಧಿಕೃತ ಬಾವುಟದ ಎಡಗಡೆ ಕೆಂಪು ಬಿಳಿ ಚಿತ್ತಾರದ ಪಟ್ಟಿ ಇದೆಯಲ್ಲ, ಅದು ಮತ್ರೋನಾ ಮಾರ್ಕೆವಿಚ್ ಅನ್ನುವ ಹಳ್ಳಿಯ ನೇಕಾರ್ತಿ 1917ರಲ್ಲಿ ನೇಯ್ದ ಮಾದರಿಯಿಂದ ತೆಗೆದದ್ದು. 1951ರಲ್ಲಿ ಸೋವಿಯತ್ ಬೆಲಾರೂಸಿನ ಬಾವುಟಕ್ಕೆ ಬಂತು, 1995ರಲ್ಲಿ ಸ್ವಲ್ಪ ಬದಲಾಗಿ ಮುಂದುವರಿಯಿತು.

## ಹುಲ್ಲು, ಜೇನು, ಮೇಕೆ ಮತ್ತು ರಾಜರು

ರೈ ಹುಲ್ಲನ್ನು ನೆನೆಸಿ ಹೆಣೆಯುವ ಕಲೆ 2022ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಒಣಗಿದ ಹುಲ್ಲು ಬಂಗಾರದ ಬಣ್ಣಕ್ಕೆ ಹೊಳೆಯುತ್ತದೆ. ದುಡ್ಡಿಲ್ಲದ ಹಳ್ಳಿಗಳಲ್ಲಿ ಚರ್ಚಿನ ಒಳಬಾಗಿಲನ್ನೇ ಹುಲ್ಲಿನಿಂದ ಮಾಡಿದ್ದರು. ದೂರದಿಂದ ನೋಡಿದರೆ ಚಿನ್ನದ ಲೇಪ ಅನ್ನಿಸಬೇಕು, ಹಾಗೆ. ಮರದ ಕಾಂಡ ಕೊರೆದು ಜೇನು ಸಾಕುವ ಹಳೆ ಪದ್ಧತಿ ಪೋಲೆಂಡ್ ಜೊತೆ ಸೇರಿ 2020ರಲ್ಲಿ ಅದೇ ಪಟ್ಟಿಗೆ ಬಂತು.

ಹಬ್ಬಗಳಲ್ಲಿ ಎರಡನ್ನು ತಿಳಿದರೆ ಸಾಕು. ಚಳಿಗಾಲದ್ದು ಕಲ್ಯಾದಿ. ಕ್ರಿಸ್ತ ಜಯಂತಿಯ ಆಸುಪಾಸಿನ ದಿನಗಳಲ್ಲಿ ಹುಡುಗರ ಗುಂಪು ವೇಷ ಹಾಕಿ ನಕ್ಷತ್ರ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುತ್ತದೆ. ಜೊತೆಗೆ ಮೇಕೆ ವೇಷದವನು ಇರಲೇಬೇಕು. ಮೇಕೆ ಕುಣಿಯುತ್ತದೆ, ಇದ್ದಕ್ಕಿದ್ದಂತೆ ಬಿದ್ದು ಸಾಯುತ್ತದೆ, ಮನೆಯವರು ಏನಾದರೂ ತಿನ್ನಲು ಕೊಟ್ಟರೆ ಎದ್ದು ಮತ್ತೆ ಕುಣಿಯುತ್ತದೆ. ಮೇಕೆ ಕುಣಿದಲ್ಲಿ ಬೆಳೆ ಏಳುತ್ತದೆ ಅಂತ ಹಾಡು ಹೇಳುತ್ತದೆ. ಮಿನ್ಸ್ಕ್ ಪ್ರಾಂತ್ಯದ ಸೆಮೆಝವಾ ಹಳ್ಳಿಯಲ್ಲಿ ಇದಕ್ಕೇ 'ಕಲ್ಯಾದಿ ರಾಜರು' ಅನ್ನುವ ರೂಪ ಇದೆ. 18ನೇ ಶತಮಾನದಲ್ಲಿ ಅಲ್ಲಿ ತಂಗಿದ್ದ ಸೈನಿಕರು ಮನೆಮನೆಗೆ ಹೋಗಿ ನಾಟಕ ಆಡುತ್ತಿದ್ದುದರಿಂದ ಬಂದದ್ದಂತೆ. ಬಿಳಿ ಅಂಗಿ, ಎದೆಯ ಮೇಲೆ ಅಡ್ಡಡ್ಡ ಕಟ್ಟಿದ ಕೆಂಪು ಪಟ್ಟಿ, ಬಣ್ಣದ ರಿಬ್ಬನ್ನಿನ ಎತ್ತರದ ಟೋಪಿ. ಜೊತೆಗೆ ನಗಿಸಲು ಒಬ್ಬ ಮುದುಕ, ಒಬ್ಬಳು ಮುದುಕಿ. ಮುದುಕನ ಪಾತ್ರ ಹುಡುಗಿಯದು, ಮುದುಕಿಯ ಪಾತ್ರ ಹುಡುಗನದು. ಯುನೆಸ್ಕೊ ಇದನ್ನು 2009ರಲ್ಲಿ ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಕಾರಣ ಎಲ್ಲ ಕಡೆಯದ್ದೇ: ಹಳ್ಳಿಯಲ್ಲಿ ಹುಡುಗರು ಉಳಿಯುತ್ತಿಲ್ಲ.

ಬೇಸಿಗೆಯದ್ದು ಕುಪಾಲ್ಯೆ. ಜುಲೈ 6ರ ರಾತ್ರಿ. ನದಿ ದಂಡೆಯಲ್ಲಿ ದೊಡ್ಡ ಬೆಂಕಿ, ಜೋಡಿಗಳು ಕೈ ಹಿಡಿದು ಅದರ ಮೇಲೆ ಹಾರುವುದು, ಹುಡುಗಿಯರು ಹೂವಿನ ಮಾಲೆಯನ್ನು ನೀರಿಗೆ ಬಿಡುವುದು. ಆ ಒಂದು ರಾತ್ರಿ ಕಾಡಿನಲ್ಲಿ ಜರೀಗಿಡ ಹೂ ಬಿಡುತ್ತದೆ, ಅದು ಸಿಕ್ಕಿದವರಿಗೆ ಬಚ್ಚಿಟ್ಟ ನಿಧಿ ಕಾಣುತ್ತದೆ, ಪ್ರಾಣಿಗಳ ಮಾತು ತಿಳಿಯುತ್ತದೆ ಅಂತ ಕಥೆ. ಜರೀಗಿಡ ಹೂ ಬಿಡುವ ಜಾತಿಯೇ ಅಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೂ ಹುಡುಕಲು ಕಾಡಿಗೆ ಹೋಗುತ್ತಾರೆ, ಜೋಡಿಯಾಗಿ. ಹೋಗುವುದು ಯಾಕೆ ಅಂತ ವಿವರಿಸಬೇಕಿಲ್ಲ ಅಲ್ವಾ.

## ದ್ಜ್ಯಾದಿ: ಹಿರಿಯರಿಗೆ ಇಟ್ಟ ಊಟ

ಈ ಆಚರಣೆ ಕನ್ನಡದ ಓದುಗರಿಗೆ ಬೇಗ ಅರ್ಥವಾಗುತ್ತದೆ, ಯಾಕಂದರೆ ನಮ್ಮ ಮಹಾಲಯ ಅಮಾವಾಸ್ಯೆಯ ಎಡೆಗೂ ಇದಕ್ಕೂ ಬಹಳ ಹೋಲಿಕೆ ಇದೆ. ಸಂಬಂಧ ಏನೂ ಇಲ್ಲ, ಹೋಲಿಕೆ ಮಾತ್ರ. ವರ್ಷದಲ್ಲಿ ಕೆಲವು ಬಾರಿ ದ್ಜ್ಯಾದಿ ಬರುತ್ತದೆ, ಮುಖ್ಯವಾದದ್ದು ಶರತ್ಕಾಲದಲ್ಲಿ, ಸುಗ್ಗಿ ಎಲ್ಲ ಮುಗಿದ ಮೇಲೆ. ಮನೆ ತೊಳೆದು, ಸ್ನಾನದ ಮನೆಯ ಒಲೆಗೆ ಬೆಂಕಿ ಹಾಕಿ ಎಲ್ಲರೂ ಮಿಂದ ಮೇಲೆ ಒಂದು ಬಕೆಟ್ ನೀರು ಮತ್ತು ಮೈ ಉಜ್ಜುವ ಬರ್ಚ್ ಸೊಪ್ಪಿನ ಕಟ್ಟನ್ನು ಅಲ್ಲೇ ಬಿಡುತ್ತಾರೆ, ಹಿರಿಯರ ಸ್ನಾನಕ್ಕೆ. ಸಂಜೆ ಮನೆಯ ಯಜಮಾನ ಸತ್ತವರನ್ನು ಊಟಕ್ಕೆ ಬನ್ನಿ ಅಂತ ಕರೆಯುತ್ತಾನೆ. ಮೊದಲು ಬಾರ್ಲಿಯ ಗಂಜಿ, 'ಕುತ್ಸ್ಯಾ'. ಪ್ರತಿ ಅಡುಗೆಯಿಂದ ಒಂದೊಂದು ಚಮಚ ಬೇರೆ ಬಟ್ಟಲಿಗೆ. ಊಟದ ಹೊತ್ತಿನಲ್ಲಿ ಮಾತೆಲ್ಲ ಸತ್ತವರ ಬಗ್ಗೆಯೇ, ಹೆಸರು ಹಿಡಿದು. ಮುಗಿದ ಮೇಲೆ ಪಾತ್ರೆ ಎತ್ತುವುದಿಲ್ಲ, ರಾತ್ರಿಯಿಡೀ ಹಾಗೇ ಇರುತ್ತದೆ.

ನವಗ್ರುದಾಕ್ ಹತ್ತಿರ 1798ರಲ್ಲಿ ಹುಟ್ಟಿದ ಆದಂ ಮಿತ್ಸ್ಕೇವಿಚ್ ಈ ಆಚರಣೆಯ ಹೆಸರನ್ನೇ ಇಟ್ಟು ಪೋಲಿಷ್‌ನಲ್ಲಿ ಕಾವ್ಯನಾಟಕ ಬರೆದ, ಪೋಲೆಂಡಿನ ರಾಷ್ಟ್ರಕವಿ ಅನ್ನಿಸಿಕೊಂಡ. ಬೆಲಾರೂಸಿ ಹಳ್ಳಿಯ ಸರಕು, ಪೋಲಿಷ್ ಸಾಹಿತ್ಯ. ಆ ಕಾಲದಲ್ಲಿ ಓದಿದವರು ಮಾಡುತ್ತಿದ್ದದ್ದೇ ಹಾಗೆ. ದ್ಜ್ಯಾದಿ ಮಾತು ಇಲ್ಲಿಗೆ ಮುಗಿಯಲಿಲ್ಲ, ಮುಂದೆ ಮತ್ತೆ ಬರುತ್ತದೆ.

## ಕವಿಗಳು ಬಂದರು

ಈಗ ಸಾಹಿತ್ಯ. ಆಧುನಿಕ ಬೆಲಾರೂಸಿ ಕಾವ್ಯ ಶುರುವಾಗುವುದು ಫ್ರಾಂತ್ಸಿಶಾಕ್ ಬಹುಶೇವಿಚ್ ಅವರಿಂದ ಅನ್ನುತ್ತಾರೆ. ವಕೀಲ, 1863ರ ದಂಗೆಯಲ್ಲಿ ಗಾಯಗೊಂಡವರು. ರಷ್ಯಾದಲ್ಲಿ ಅಚ್ಚು ಹಾಕುವಂತಿಲ್ಲವಲ್ಲ, ಅದಕ್ಕೆ 1891ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದ ಕ್ರಾಕೋವ್‌ನಲ್ಲಿ, ರೈತನ ಹಾಗೆ ಕೇಳಿಸುವ ಸುಳ್ಳು ಹೆಸರಿನಲ್ಲಿ ಸಂಕಲನ ತಂದರು. ನಮ್ಮ ಭಾಷೆಯನ್ನು ಬಿಡಬೇಡಿ, ಬಿಟ್ಟರೆ ಸಾಯುತ್ತೇವೆ ಅಂತ ಅದರ ಮುನ್ನುಡಿ ಹೇಳುತ್ತದೆ.

ರಷ್ಯಾದಲ್ಲಿ 1905ರ ಕ್ರಾಂತಿಯ ನಂತರ ಬಿಗಿ ಸಡಿಲವಾಯಿತು. 1906ರಲ್ಲಿ ವಿಲ್ನಿಯಸ್‌ನಿಂದ 'ನಾಶಾ ನೀವಾ' ಪತ್ರಿಕೆ ಶುರುವಾಯಿತು. ಪೋಲಿಷ್ ಓದಿದವರಿಗೆ ಲ್ಯಾಟಿನ್ ಲಿಪಿ, ರಷ್ಯನ್ ಓದಿದವರಿಗೆ ಸಿರಿಲಿಕ್ ಅಂತ 1912ರವರೆಗೆ ಎರಡೂ ಲಿಪಿಯಲ್ಲಿ ಬರುತ್ತಿತ್ತು. ಹಳ್ಳಿಗಳಿಂದ ಪತ್ರ, ಕವನ, ಹಾಡು ಬಂದು ಬೀಳುತ್ತಿದ್ದವು. ಮೂವರು ದೊಡ್ಡ ಕವಿಗಳು ಜನರಿಗೆ ಪರಿಚಯವಾದದ್ದು ಈ ಪತ್ರಿಕೆಯಲ್ಲೇ.

ಯಾಂಕಾ ಕುಪಾಲಾ ಹುಟ್ಟಿದ್ದು 1882ರ ಜುಲೈ 7ರಂದು, ಕುಪಾಲ್ಯೆ ಹಬ್ಬದ ದಿನ. ನಿಜ ಹೆಸರು ಇವಾನ್ ಲುತ್ಸೇವಿಚ್. ಹಬ್ಬದ ಹೆಸರನ್ನೇ ಕಾವ್ಯನಾಮ ಮಾಡಿಕೊಂಡರು. ಅವರ ಒಂದು ಪುಟ್ಟ ಕವನ ಬರೀ ಪ್ರಶ್ನೆ ಉತ್ತರ. ಅಲ್ಲಿ ದೊಡ್ಡ ಗುಂಪಾಗಿ ಹೋಗುತ್ತಿರುವವರು ಯಾರು? ಬೆಲಾರೂಸಿನವರು. ಹೆಗಲ ಮೇಲೆ ಏನು ಹೊತ್ತಿದ್ದಾರೆ? ತಮಗಾದ ಅನ್ಯಾಯ. ಅವರಿಗೆ ಏನು ಬೇಕಂತೆ? ಮನುಷ್ಯರು ಅನ್ನಿಸಿಕೊಳ್ಳಬೇಕಂತೆ. ಇಷ್ಟೇ. ಮಾಕ್ಸಿಮ್ ಗೋರ್ಕಿ ಇದನ್ನು ರಷ್ಯನ್ನಿಗೆ ತಂದ ಮೇಲೆ ದೂರದೂರಕ್ಕೆ ಹೋಯಿತು.

ಯಾಕುಬ್ ಕೋಲಸ್ ಹುಟ್ಟಿದ್ದೂ 1882ರಲ್ಲೇ. ಶಾಲಾ ಮೇಷ್ಟ್ರು, ಅನುಮತಿ ಇಲ್ಲದ ಶಿಕ್ಷಕರ ಸಭೆಗೆ ಹೋದದ್ದಕ್ಕೆ ಮೂರು ವರ್ಷ ಜೈಲು. ಅವರ 'ನೋವಾಯಾ ಜ್ಯಮ್ಲ್ಯಾ' ಕಾವ್ಯ ಶುರುವಾದದ್ದು ಜೈಲಿನಲ್ಲೇ, ಮುಗಿದದ್ದು 1923ರಲ್ಲಿ. ಜಮೀನ್ದಾರನ ಕಾಡು ಕಾಯುವ ಮಿಖಾಲ್‌ಗೆ ತನ್ನದೇ ಒಂದು ತುಂಡು ನೆಲ ಬೇಕು. ಅದಕ್ಕಾಗಿ ಜೀವನವಿಡೀ ಒದ್ದಾಡಿ, ಸಿಗುವ ಮುಂಚೆ ಸಾಯುತ್ತಾನೆ. ಕಥೆ ಇಷ್ಟೇ ಆದರೂ, ಭಾನುವಾರದ ಅಡುಗೆ, ಮೀನು ಹಿಡಿಯುವುದು, ಹುಲ್ಲು ಕೊಯ್ಯುವುದು ಎಲ್ಲ ಎಷ್ಟು ವಿವರವಾಗಿ ಬರುತ್ತವೆ ಅಂದರೆ ಹಳ್ಳಿ ಬದುಕಿನ ವಿಶ್ವಕೋಶ ಅಂತಲೇ ಕರೆಯುತ್ತಾರೆ.

ಮೂರನೆಯವರು ಮಾಕ್ಸಿಮ್ ಬಹ್ದಾನೋವಿಚ್. ನನ್ನ ಒಲವು ಇವರ ಕಡೆಗೇ ಸ್ವಲ್ಪ ಜಾಸ್ತಿ. 1891ರಲ್ಲಿ ಮಿನ್ಸ್ಕ್‌ನಲ್ಲಿ ಹುಟ್ಟಿದರೂ ಬೆಳೆದದ್ದು ರಷ್ಯಾದ ನಿಜ್ನಿ ನೋವ್ಗೊರೊದ್ ಮತ್ತು ಯಾರೋಸ್ಲಾವ್ಲ್‌ನಲ್ಲಿ. ಸುತ್ತ ರಷ್ಯನ್ ಮಾತು. ಅಪ್ಪ ಜಾನಪದ ಸಂಗ್ರಹಕಾರ, ಮನೆಯಲ್ಲಿ ಹಾಡು ಕಥೆಗಳ ಪುಸ್ತಕ ಇದ್ದವು. ಹುಡುಗ ಬೆಲಾರೂಸಿ ಕಲಿತದ್ದು ಹೆಚ್ಚಾಗಿ ಅವುಗಳಿಂದ! 1911ರಲ್ಲಿ ವಿಲ್ನಿಯಸ್‌ಗೆ ಬಂದಾಗ ಒಬ್ಬರ ಸಂಗ್ರಹದಲ್ಲಿ ಸ್ಲುತ್ಸ್ಕ್ ಊರಿನ ಹಳೆಯ ನಡುಪಟ್ಟಿಗಳನ್ನು ನೋಡಿದರು. 18ನೇ ಶತಮಾನದಲ್ಲಿ ರಾದ್ಜಿವಿಲ್ ಮನೆತನದ ಕಾರ್ಖಾನೆಯಲ್ಲಿ, ಅರ್ಮೇನಿಯಾ ಮೂಲದ ಕುಶಲಿಯೊಬ್ಬನ ಉಸ್ತುವಾರಿಯಲ್ಲಿ ರೇಷ್ಮೆ, ಬೆಳ್ಳಿ, ಬಂಗಾರದ ಎಳೆಯಿಂದ ನೇಯ್ದವು. ಚಿತ್ತಾರ ಪರ್ಷಿಯಾದ್ದು. ಶ್ರೀಮಂತ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದರು. ಕೆಲವು ಪಟ್ಟಿಗಳ ಎರಡು ಬದಿಗೂ ಅರ್ಧರ್ಧ ಬೇರೆ ಬಣ್ಣ, ಅಂದರೆ ಒಂದೇ ಪಟ್ಟಿಯನ್ನು ನಾಲ್ಕು ಥರ ಮಡಚಬಹುದು. ಮದುವೆಗೆ ಒಂದು ಮುಖ, ಸಾವಿನ ಮನೆಗೆ ಇನ್ನೊಂದು ಮುಖ.

ಇದನ್ನು ನೋಡಿ ಬಹ್ದಾನೋವಿಚ್ ಬರೆದ ಕವನದಲ್ಲಿ ಹಳ್ಳಿ ಹುಡುಗಿಯರನ್ನು ಪಟ್ಟಿ ನೇಯಲು ದೊರೆಯ ಮನೆಗೆ ಕರೆತಂದಿದ್ದಾರೆ. ಕಿಟಕಿಯ ಹೊರಗೆ ವಸಂತ. ರೈ ಹೊಲದಲ್ಲಿ ನೀಲಿ ಕಾರ್ನ್‌ಫ್ಲವರ್ ಹೂ. ನೋಡುತ್ತಾ ನೋಡುತ್ತಾ ಒಬ್ಬಳ ಕೈ, ಪರ್ಷಿಯಾದ ಚಿತ್ತಾರದ ಬದಲು ತನ್ನೂರಿನ ಆ ಹೂವನ್ನು ನೇಯ್ದುಬಿಡುತ್ತದೆ. ಇತಿಹಾಸಕಾರರನ್ನು ಕೇಳಿದರೆ, ಆ ಕಾರ್ಖಾನೆಯಲ್ಲಿ ನೇಯುತ್ತಿದ್ದವರು ಗಂಡಸರು ಅನ್ನುತ್ತಾರೆ. ಇರಲಿ. ಕವನದಿಂದಾಗಿ ಆ ಹೂ ಬೆಲಾರೂಸಿನ ಗುರುತೇ ಆಗಿಹೋಯಿತು. ಕವಿಯ ಜೀವಿತಕಾಲದಲ್ಲಿ ಬಂದದ್ದು 1913ರ ಒಂದೇ ಒಂದು ಸಂಕಲನ. ಕ್ಷಯರೋಗದಿಂದ 1917ರಲ್ಲಿ ಯಾಲ್ಟಾದಲ್ಲಿ ತೀರಿಕೊಂಡಾಗ ಅವರಿಗೆ 25 ವರ್ಷ.

## 1937ರ ಅಕ್ಟೋಬರ್ 29ರ ರಾತ್ರಿ

1920ರ ದಶಕ ಭಾಷೆಗೆ ಒಳ್ಳೆಯ ಕಾಲ. ಸೋವಿಯತ್ ಬೆಲಾರೂಸಿನಲ್ಲಿ ಬೆಲಾರೂಸಿ, ರಷ್ಯನ್, ಪೋಲಿಷ್, ಯಿಡ್ಡಿಶ್ ನಾಲ್ಕೂ ಅಧಿಕೃತ ಭಾಷೆಗಳಾಗಿದ್ದವು. ಶಾಲೆ, ಪತ್ರಿಕೆ, ರಂಗಭೂಮಿ ಎಲ್ಲ ಬೆಳೆದವು. ಆಮೇಲೆ ಸ್ಟಾಲಿನ್ ಆಡಳಿತ ಬಿಗಿಯಾಯಿತು. ಬೆಲಾರೂಸಿ ಸಂಸ್ಕೃತಿ ಅಂತ ದುಡಿಯುವವರೆಲ್ಲ 'ರಾಷ್ಟ್ರವಾದಿ' ಅನ್ನುವ ಅನುಮಾನಕ್ಕೆ ಸಿಕ್ಕಿದರು. 1933ರಲ್ಲಿ ಕಾಗುಣಿತವನ್ನೇ ರಷ್ಯನ್ನಿಗೆ ಹತ್ತಿರವಾಗುವಂತೆ ಬದಲಿಸಿದರು. 1918ರಲ್ಲಿ ವ್ಯಾಕರಣ ಬರೆದುಕೊಟ್ಟ ಬ್ರನಿಸ್ಲಾವ್ ತರಾಶ್ಕೇವಿಚ್ ಅವರನ್ನು 1938ರಲ್ಲಿ ಕೊಂದರು.

1937ರ ಆಗಸ್ಟ್‌ನಲ್ಲಿ ಮಿನ್ಸ್ಕ್‌ನ ರಹಸ್ಯ ಪೊಲೀಸ್ ಜೈಲಿನ ಅಂಗಳದಲ್ಲಿ, ವಶಪಡಿಸಿಕೊಂಡ ಹಸ್ತಪ್ರತಿಗಳನ್ನು ರಾಶಿ ಹಾಕಿ ಸುಟ್ಟರು. ಅಕ್ಟೋಬರ್ 29ರಿಂದ 30ರ ನಡುವಿನ ಒಂದೇ ರಾತ್ರಿ ನೂರಕ್ಕೂ ಹೆಚ್ಚು ವಿದ್ಯಾವಂತರನ್ನು ಗುಂಡಿಟ್ಟು ಕೊಂದರು. ಅವರಲ್ಲಿ 22 ಮಂದಿ ಸಾಹಿತಿಗಳು. ಬೆಲಾರೂಸಿಯ ಅಲೆಸ್ ದುದಾರ್, ವಲೇರಿ ಮರಾಕೋವ್, ಯಿಡ್ಡಿಶ್‌ನ ಮೋಯ್ಶೆ ಕುಲ್ಬಾಕ್, ಇಜಿ ಖಾರಿಕ್ ಎಲ್ಲ ಆ ರಾತ್ರಿ ಹೋದರು. ಬೆಲಾರೂಸಿನಲ್ಲಿ ಅದನ್ನು 'ಗುಂಡಿಗೆ ಬಲಿಯಾದ ಕವಿಗಳ ರಾತ್ರಿ' ಅಂತ ನೆನೆಯುತ್ತಾರೆ. ಕುಪಾಲಾ ಬದುಕಿ ಉಳಿದರು, ಆದರೆ 1942ರ ಜೂನ್ 28ರಂದು ಮಾಸ್ಕೋದ ಹೋಟೆಲೊಂದರ ಮೆಟ್ಟಿಲ ನಡುವಿನ ಜಾಗದಲ್ಲಿ ಬಿದ್ದು ಸತ್ತರು. ಅದು ಅಪಘಾತವೋ ಇನ್ನೇನೋ ಅನ್ನುವ ವಾದ ಇನ್ನೂ ನಿಂತಿಲ್ಲ.

ಈಗ ದ್ಜ್ಯಾದಿಗೆ ಮರಳೋಣ. ಮಿನ್ಸ್ಕ್ ಅಂಚಿನ ಕುರಪಾತಿ ಕಾಡಿನಲ್ಲಿ ಸ್ಟಾಲಿನ್ ಕಾಲದ ಸಾಮೂಹಿಕ ಗೋರಿಗಳಿರುವ ಬಗ್ಗೆ 1988ರ ಜೂನ್‌ನಲ್ಲಿ ಒಂದು ಸಾಹಿತ್ಯ ಪತ್ರಿಕೆಯಲ್ಲಿ ಲೇಖನ ಬಂತು. ಅದೇ ವರ್ಷ ಅಕ್ಟೋಬರ್ 30ರಂದು, ದ್ಜ್ಯಾದಿ ನೆಪದಲ್ಲಿ ಸಾವಿರಾರು ಜನ ಅತ್ತ ನಡೆದರು, ಪೊಲೀಸರು ಚದುರಿಸಿದರು. ಮನೆಯೊಳಗೆ ಬಟ್ಟಲಿಗೆ ಚಮಚ ಹಾಕುತ್ತಿದ್ದ ಆಚರಣೆ ಹೀಗೆ ಬೀದಿಗೆ ಬಂತು.

## ಟೇಪ್ ರೆಕಾರ್ಡರ್ ಹಿಡಿದು ಹೋದವರು

ಎರಡನೇ ಮಹಾಯುದ್ಧದಲ್ಲಿ ಬೆಲಾರೂಸ್ ಕಳೆದುಕೊಂಡ ಜನ ಕಡಿಮೆ ಅಂದರೂ ನಾಲ್ಕರಲ್ಲಿ ಒಂದು ಪಾಲು. ನಾಜಿ ಪಡೆಗಳು ನೂರಾರು ಹಳ್ಳಿಗಳನ್ನು ಜನರ ಸಮೇತ ಸುಟ್ಟವು. 1943ರ ಮಾರ್ಚ್ 22ರಂದು ಖತಿನ್ ಹಳ್ಳಿಯಲ್ಲಿ ಸತ್ತವರು 149, ಅದರಲ್ಲಿ 75 ಮಕ್ಕಳು.

ಇದನ್ನು ಬರೆಯುವುದು ಹೇಗೆ? ವಸೀಲ್ ಬೀಕವ್ ಒಂದು ದಾರಿ ಹಿಡಿದರು. ಸ್ವತಃ ಯುದ್ಧ ಮಾಡಿದವರು. ಅವರ ಬೆಲಾರೂಸಿ ಕಿರುಕಾದಂಬರಿಗಳಲ್ಲಿ ಗೆಲುವಿನ ಜೈಕಾರ ಇಲ್ಲ. ಹಿಮದಲ್ಲಿ ಸಿಕ್ಕಿಬಿದ್ದ ಇಬ್ಬರಲ್ಲಿ ಯಾರು ದ್ರೋಹಿ ಆಗುತ್ತಾನೆ, ಯಾಕೆ ಆಗುತ್ತಾನೆ ಅನ್ನುವುದೇ ಕಥೆ. ವ್ಲಾದ್ಜಿಮಿರ್ ಕರತ್ಕೇವಿಚ್ ಇನ್ನೊಂದು ದಿಕ್ಕಿಗೆ ಹೋಗಿ, ಹಳೆಯ ಕೋಟೆ, ಜೌಗು, ದೆವ್ವದ ಸವಾರರ ರೋಚಕ ಕಾದಂಬರಿಗಳಿಂದ ಓದುಗರಿಗೆ ಇತಿಹಾಸದ ಹುಚ್ಚು ಹಿಡಿಸಿದರು.

ಮೂರನೆಯ ದಾರಿ ವಿಚಿತ್ರ. 1970ರ ದಶಕದ ಶುರುವಿನಲ್ಲಿ ಅಲೆಸ್ ಅದಮೋವಿಚ್, ಯಾಂಕಾ ಬ್ರಿಲ್, ವ್ಲಾದ್ಜಿಮಿರ್ ಕಲೆಸ್ನಿಕ್ ಅನ್ನುವ ಮೂವರು ಲೇಖಕರು ಟೇಪ್ ರೆಕಾರ್ಡರ್ ಹಿಡಿದು ಸುಟ್ಟ ಹಳ್ಳಿಗಳಿಗೆ ಹೋದರು. ಬದುಕಿ ಉಳಿದ ನೂರಾರು ಜನರ, ಹೆಚ್ಚಾಗಿ ಮುದುಕಿಯರ, ಮಾತನ್ನು ಅವರ ಆಡುಭಾಷೆಯಲ್ಲೇ ದಾಖಲಿಸಿ 1975ರಲ್ಲಿ ಪುಸ್ತಕ ಮಾಡಿದರು. ಲೇಖಕರು ಹಿಂದೆ ಸರಿದು ಹೇಳುವವರನ್ನು ಮುಂದೆ ಬಿಟ್ಟರು. ಹಾಡು ಕಥೆ ಸಂಗ್ರಹಿಸುವವರು ಮಾಡುತ್ತಿದ್ದ ಕೆಲಸವೇ, ಆದರೆ ಸಿಕ್ಕಿದ್ದು ಕುಪಾಲ್ಯೆ ಹಾಡಲ್ಲ.

ಅಲೆಕ್ಸೀವಿಚ್ ತನ್ನ ಗುರು ಅಂತ ಹೇಳುವುದು ಇದೇ ಅದಮೋವಿಚ್ ಅವರನ್ನು. ಯುದ್ಧಕ್ಕೆ ಹೋದ ಹೆಂಗಸರು, ಅಫ್ಘಾನಿಸ್ತಾನದಿಂದ ಮಕ್ಕಳ ಹೆಣ ಬರಮಾಡಿಕೊಂಡ ತಾಯಂದಿರು, ಚೆರ್ನೋಬಿಲ್ ಸಂತ್ರಸ್ತರು ಅವರ ಪುಸ್ತಕಗಳಲ್ಲಿ ನೇರವಾಗಿ ಮಾತಾಡುವುದು ಈ ಕ್ರಮದಲ್ಲೇ. ಚೆರ್ನೋಬಿಲ್ ಇರುವುದು ಉಕ್ರೇನಿನಲ್ಲಿ, ಆದರೆ 1986ರ ಏಪ್ರಿಲ್ 26ರ ನಂತರ ಗಾಳಿ ಹೊತ್ತು ತಂದ ವಿಕಿರಣದ ಅತಿ ದೊಡ್ಡ ಪಾಲು ಬಿದ್ದದ್ದು ಬೆಲಾರೂಸಿನ ಮೇಲೆ. ಗೋಮೆಲ್ ಮತ್ತು ಮೊಗಿಲ್ಯೋವ್ ಪ್ರಾಂತ್ಯಗಳ ನೂರಾರು ಹಳ್ಳಿ ಖಾಲಿಯಾದವು. ರುಶ್ನಿಕ್‌ಗೂ ಹಳೆ ಹಾಡಿಗೂ ಹೆಸರಾದ ಹಳ್ಳಿಗಳೂ ಅದರಲ್ಲಿದ್ದವು.

ಅಲೆಕ್ಸೀವಿಚ್ ರಷ್ಯನ್ನಿನಲ್ಲಿ ಬರೆಯುವುದಕ್ಕೆ ಕಾರಣವೂ ಈಗ ಊಹಿಸಬಹುದು. ಯುದ್ಧದ ನಂತರ ಹಳ್ಳಿಯವರು ಕಾರ್ಖಾನೆಗಾಗಿ ನಗರಕ್ಕೆ ಬಂದರು. ನಗರದ ಭಾಷೆ ರಷ್ಯನ್. ಮಕ್ಕಳ ಶಾಲೆಯೂ ರಷ್ಯನ್. ಅಲೆಕ್ಸೀವಿಚ್ ದಾಖಲಿಸಿದ ಸೋವಿಯತ್ ಜನರಲ್ಲಿ ಹೆಚ್ಚಿನವರು ಮಾತಾಡಿದ್ದೂ ಅದೇ ಭಾಷೆಯಲ್ಲಿ.

## ಈಗ ಹೇಗಿದೆ?

1990ರಲ್ಲಿ ಬೆಲಾರೂಸಿ ಏಕೈಕ ಅಧಿಕೃತ ಭಾಷೆಯಾಗಿತ್ತು. 1995ರ ಜನಮತ ಗಣನೆಯ ನಂತರ ರಷ್ಯನ್ನಿಗೂ ಸಮಾನ ಸ್ಥಾನ ಬಂತು. 2019ರ ಜನಗಣತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಬೆಲಾರೂಸಿ ನಮ್ಮ ತಾಯ್ನುಡಿ ಅಂತ ಬರೆಸಿದರು, ಮನೆಯಲ್ಲಿ ಅದನ್ನೇ ಮಾತಾಡುತ್ತೇವೆ ಅಂದವರು ಸುಮಾರು ನಾಲ್ಕರಲ್ಲಿ ಒಬ್ಬರು. ಎರಡೂ ಬೆರೆತ 'ತ್ರಸ್ಯಾಂಕಾ' ಅನ್ನುವ ಮಾತಿನ ರೀತಿಯೂ ಚಾಲ್ತಿಯಲ್ಲಿದೆ. ಯುನೆಸ್ಕೊ ಬೆಲಾರೂಸಿಯನ್ನು ಅಪಾಯದ ಅಂಚಿನ ಭಾಷೆಗಳ ಮೊದಲ ಹಂತದಲ್ಲಿ ಇಟ್ಟಿದೆ.

2020ರ ಚುನಾವಣೆಯ ನಂತರ ದೊಡ್ಡ ಪ್ರತಿಭಟನೆಗಳಾದವು. 2021ರಲ್ಲಿ ಸ್ವತಂತ್ರ ಲೇಖಕರ ಸಂಘವನ್ನೂ, ಲೇಖಕರ ಅಂತಾರಾಷ್ಟ್ರೀಯ ಸಂಸ್ಥೆಯಾದ ಪೆನ್‌ನ ಬೆಲಾರೂಸ್ ಶಾಖೆಯನ್ನೂ ನ್ಯಾಯಾಲಯದ ಆದೇಶದಿಂದ ಮುಚ್ಚಲಾಯಿತು. ಅಲೆಕ್ಸೀವಿಚ್ 2020ರಲ್ಲೇ ಜರ್ಮನಿಗೆ ಹೋದರು. 2022ರಲ್ಲಿ ಜೈಲಿನಲ್ಲಿದ್ದಾಗಲೇ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡ ಅಲೆಸ್ ಬ್ಯಲ್ಯಾತ್ಸ್ಕಿ ಮೂಲತಃ ಸಾಹಿತ್ಯದ ವಿದ್ವಾಂಸ. ಮಾನವ ಹಕ್ಕುಗಳ ಕೆಲಸದ ಜೊತೆಗೇ 1998ರವರೆಗೆ ಅವರು ಮಿನ್ಸ್ಕ್‌ನ ಒಂದು ಮ್ಯೂಸಿಯಂನ ನಿರ್ದೇಶಕರಾಗಿದ್ದರು. ಮಾಕ್ಸಿಮ್ ಬಹ್ದಾನೋವಿಚ್ ಅವರ ಮ್ಯೂಸಿಯಂ.

ಓದಬೇಕು ಅನ್ನಿಸಿದರೆ, ಇಂಗ್ಲಿಷ್ ಗೊತ್ತಿರುವವರಿಗೆ ಅಲೆಕ್ಸೀವಿಚ್ ಸುಲಭವಾಗಿ ಸಿಗುತ್ತಾರೆ. ಬೀಕವ್ ಮತ್ತು ಕರತ್ಕೇವಿಚ್ ಅವರ ಕೆಲವು ಕೃತಿಗಳೂ ಇವೆ. ಕಾವ್ಯಕ್ಕೆ ವೀರಾ ರಿಚ್ ಅನ್ನುವ ಬ್ರಿಟಿಷ್ ಅನುವಾದಕಿ 1971ರಲ್ಲಿ ತಂದ ಸಂಕಲನದಿಂದ ಶುರು ಮಾಡಬಹುದು. ಕುಪಾಲಾ, ಕೋಲಸ್, ಬಹ್ದಾನೋವಿಚ್ ಮೂವರೂ ಅದರಲ್ಲಿದ್ದಾರೆ.